ಎರಡು ಇಂಚಿಗೆ ಎಷ್ಟು ಮಹಡಿ, ಸ್ವಾಮಿ?

ವಾಹನ ನೋಂದಣಿ ಮತ್ತು ತಪಾಸಣಾ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ಪಿಕಪ್ ಗಾಡಿಯಲ್ಲಿ ಲಿಫ್ಟ್ ಇಲ್ಲ. ಇಲ್ಲವೇ ಇಲ್ಲ. ಒಳಗೆ ನಿಂತು ಗುಂಡಿ ಒತ್ತಿದರೆ ಮೇಲಿನ ಮಹಡಿಗೆ ಒಯ್ಯುವಂಥ ಯಾವ ಯಂತ್ರವೂ ಅದರಲ್ಲಿ ಯಾವತ್ತೂ ಇರಲಿಲ್ಲ. ಇರುವುದು ಮುಂದೆ ಎರಡು ಸೀಟು, ಹಿಂದೆ ಸಾಮಾನು ಹೇರುವ ಜಾಗ, ಅಷ್ಟೇ. ಆದರೂ ಇಲ್ಲದ ಆ ಲಿಫ್ಟಿಗೆ ಸುರಕ್ಷತಾ ಪ್ರಮಾಣಪತ್ರ ತರಲಿಲ್ಲವೆಂದು ನನ್ನ ಗಾಡಿಯನ್ನು ತಮ್ಮ ಕಚೇರಿಯ ಅಂಗಳದಲ್ಲಿ ಇಪ್ಪತ್ತಮೂರು ದಿನಗಳಿಂದ ಕೂಡಿಹಾಕಿದ್ದೀರಿ. ತಮಗೆ ಮೂರು ಸಲ ಬರೆದುಕೊಟ್ಟೆ. ಮೂರಕ್ಕೂ ಉತ್ತರ ಬಂತು, ಮೂರೂ ಬೇರೆ ಯಾರೋ ಕೇಳಿದ ಪ್ರಶ್ನೆಗೆ ಕೊಟ್ಟ ಹಾಗಿದ್ದವು. ಹಾಗಾಗಿ ನಾಲ್ಕನೆಯದನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ. ತಾವು ಓದದಿದ್ದರೂ ಬೇರೆಯವರಾದರೂ ಓದಲಿ.

ಪಂಪು ರಿಪೇರಿ ನನ್ನ ಕಸುಬು. ಕೊಳವೆ ಬಾವಿಗಳಲ್ಲಿ ಸುಟ್ಟುಹೋದ ಮೋಟಾರನ್ನು ಮೇಲಕ್ಕೆಳೆದು, ಮನೆಗೆ ತಂದು, ಹೊಸ ತಂತಿ ಸುತ್ತಿ, ಮತ್ತೆ ಇಳಿಸಿ ಬರುತ್ತೇನೆ. ಮನೆಯಲ್ಲಿ ಇರುವುದು ಅಕ್ಕ ತಂಗಿ ನಾವಿಬ್ಬರೇ. ಅಕ್ಕನ ಎರಡೂ ಕಿಡ್ನಿ ಕೈಕೊಟ್ಟು ಮೂರು ವರ್ಷವಾಯಿತು. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಅವಳು ಪೇಟೆಯ ಆಸ್ಪತ್ರೆಯಲ್ಲಿ ಡಯಾಲಿಸಿಸ್‌ಗೆ ಮಲಗಿರಬೇಕು. ನಮ್ಮ ಮನೆ ಗುಡ್ಡದ ಮೇಲಿದೆ, ಪೇಟೆಗೆ ಹನ್ನೊಂದು ಕಿಲೋಮೀಟರು. ನಡುವೆ ಇರುವುದನ್ನು ತಮ್ಮ ನಕ್ಷೆಯಲ್ಲಿ ರಸ್ತೆ ಎಂದು ಕರೆದಿದ್ದಾರೆ, ನಕ್ಷೆ ಬರೆದವರು ನಡೆದು ಬಂದಿರಲಾರರು.

ಎರಡು ವರ್ಷದ ಹಿಂದೆ ಯಾವುದೋ ಇಲಾಖೆಯವರು ಕೊಳವೆ ಹೂಳಲೆಂದು ನಮ್ಮ ಮನೆಯಿಂದ ಒಂದೂವರೆ ಕಿಲೋಮೀಟರು ಕೆಳಗೆ ರಸ್ತೆ ಅಗೆದರು. ಮಣ್ಣಿನಡಿಯಲ್ಲಿ ಬಂಡೆ ಸಿಕ್ಕಿತು. ಬಂಡೆಯನ್ನು ನೋಡಿದರು, ಫೋಟೋ ತೆಗೆದುಕೊಂಡರು, ಮನೆಗೆ ಹೋದರು. ಅಂದಿನಿಂದ ಆ ಬಂಡೆ ರಸ್ತೆಯ ನಟ್ಟನಡುವೆ ತಲೆಯೆತ್ತಿಕೊಂಡು ಕೂತಿದೆ. ಒಂದು ಕಡೆ ಗೋಡೆಯಂಥ ದರೆ, ಇನ್ನೊಂದು ಕಡೆ ಪ್ರಪಾತ, ಬಳಸಿ ಹೋಗಲು ಜಾಗವಿಲ್ಲ. ಅದನ್ನು ಎರಡು ಚಕ್ರದ ನಡುವೆ ಬಿಟ್ಟುಕೊಂಡು ದಾಟಬೇಕು. ಮೊದಲು ಗಾಡಿಯ ಹೊಟ್ಟೆ ಅದಕ್ಕೆ ಉಜ್ಜಿ ಕಿರ್ರೆನ್ನುತ್ತಿತ್ತು, ಮಳೆಗೆ ಚಕ್ರದ ಜಾಡು ತಗ್ಗುತ್ತಾ ಹೋದಂತೆ ಏಟು ಜೋರಾಯಿತು. ಏಳು ತಿಂಗಳ ಹಿಂದೆ ಒಂದು ಬುಧವಾರ ಹಾಗೆ ದಾಟುವಾಗ ಅದು ಇಂಜಿನ್ನಿನ ಅಡಿಯ ಆಯಿಲ್ ಚೇಂಬರನ್ನು ಸೀಳಿತು. ಎಣ್ಣೆಯೆಲ್ಲ ರಸ್ತೆಗೆ ಹೋಯಿತು. ನಾನೂ ಅಕ್ಕನೂ ಬಿಸಿಲಲ್ಲಿ ನಾಲ್ಕು ಗಂಟೆ ಕೂತೆವು. ಆವತ್ತಿನ ಡಯಾಲಿಸಿಸ್ ತಪ್ಪಿತು, ಮರುದಿನ ಅಕ್ಕನಿಗೆ ಉಸಿರೇ ಸಿಕ್ಕದಂತಾಗಿ ಅವಳು ಮೂರು ದಿನ ಆಸ್ಪತ್ರೆಯಲ್ಲೇ ಉಳಿದಳು. ಇನ್ನೊಮ್ಮೆ ಹೀಗೆ ತಪ್ಪಿದರೆ ತಾನು ಏನನ್ನೂ ಖಾತ್ರಿಯಾಗಿ ಹೇಳಲಾರೆ ಎಂದು ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು ಹೇಳಿದರು.

ಬಂಡೆಯನ್ನು ತಗ್ಗಿಸಿ ಎಂದು ಕೇಳಿದೆ. ಆ ಇಲಾಖೆಯವರು ಬಂಡೆ ತಮ್ಮದಲ್ಲ, ರಸ್ತೆಯವರದು ಎಂದರು. ರಸ್ತೆಯವರು ರಸ್ತೆ ಮಾತ್ರ ತಮ್ಮದು, ಬಂಡೆ ಗಣಿಯವರದು ಎಂದರು. ಸರಿ, ಬಂಡೆ ತಗ್ಗುವುದಿಲ್ಲವಾದರೆ ಗಾಡಿಯಾದರೂ ಎತ್ತರವಾಗಲಿ ಎಂದು ಮೆಕ್ಯಾನಿಕ್ ಹತ್ತಿರ ಹೋದೆ. ಅವರನ್ನು ಎಲ್ಲರೂ ಕರೆಯುವುದು ಅಳತೆ ಮೇಸ್ತ್ರಿ ಎಂದು, ಅಳೆಯದೆ ಒಂದು ನಟ್ಟನ್ನೂ ಬಿಚ್ಚುವವರಲ್ಲ.

"ಎತ್ತರ ಮಾಡಿ ಅಂತ ಎಲ್ರೂ ಬರ್ತಾರೆ, ಎಷ್ಟು ಅಂತ ಒಬ್ರೂ ಹೇಳಲ್ಲ" ಎಂದು ಮೊದಲು ನನ್ನನ್ನೇ ತರಾಟೆಗೆ ತೆಗೆದುಕೊಂಡರು. "ಹೋಗಿ ಬಂಡೆ ಅಳ್ಕೊಂಡ್ ಬನ್ನಿ. ಆಮೇಲೆ ಗಾಡೀಲಿ ಕೂರೋರನ್ನ ಕರ್ಕೊಂಡ್ ಬನ್ನಿ, ಅವರನ್ನೂ ಅಳೀಬೇಕು."

ಬಂಡೆಯ ನೆತ್ತಿಯ ಮೇಲೆ ಕೋಲನ್ನು ಅಡ್ಡ ಇಟ್ಟು, ಚಕ್ರ ಹೋಗುವ ಜಾಗದಿಂದ ಕೋಲಿನವರೆಗೆ ಅಳೆದೆ. ಒಂಬತ್ತೂಕಾಲು ಇಂಚು. ನನ್ನ ಗಾಡಿಯ ಚೇಂಬರಿನ ಹೊಟ್ಟೆ ನೆಲದಿಂದ ಎಂಟೇ ಇಂಚು. ಇದು ತಮ್ಮ ಯಾವ ಕಡತದಲ್ಲೂ ಇಲ್ಲದ ಲೆಕ್ಕ, ಆದ್ದರಿಂದ ದಯವಿಟ್ಟು ಬರೆದುಕೊಳ್ಳಿ.

ಮೇಸ್ತ್ರಿಯ ಶೆಡ್ಡಿನಲ್ಲಿ ನಾಲ್ಕು ಬಗೆಯ ಲಿಫ್ಟ್ ಕಿಟ್ ಇದ್ದವು. ಗಾಡಿಯನ್ನು ನೆಲದಿಂದ ಎತ್ತರಿಸುವ ಸಾಮಾನಿಗೆ ಆ ಕಸುಬಿನವರು ಇಡೀ ಲೋಕದಲ್ಲಿ ಕರೆಯುವ ಹೆಸರು ಅದು, ನಾನಿಟ್ಟದ್ದಲ್ಲ. ಮೊದಲನೆಯದು ಬಾಡಿ ಲಿಫ್ಟ್. ಚಾಸಿಗೂ, ಅಂದರೆ ಅಡಿಯ ಉಕ್ಕಿನ ಚೌಕಟ್ಟಿಗೂ, ಬಾಡಿಗೂ ನಡುವೆ ಗಟ್ಟಿ ಬಿಲ್ಲೆಗಳನ್ನಿಟ್ಟು ಬಾಡಿಯನ್ನಷ್ಟೇ ಮೇಲೆತ್ತುವುದು. ನೋಡಿದವರು ಅಬ್ಬಾ ಎನ್ನಬೇಕು, ಹಾಗೆ ಕಾಣುತ್ತದೆ. ಆದರೆ ಇಂಜಿನ್, ಚೇಂಬರ್ ಎಲ್ಲ ಇದ್ದಲ್ಲೇ ಇರುತ್ತವೆ, ಬಂಡೆಗೆ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಕುರ್ಚಿ ಎತ್ತರವಾದರೂ ಕೆಲಸ ಅಲ್ಲೇ ಇರುವ ಇಂಥ ಏರ್ಪಾಡು ತಮಗೆ ನನಗಿಂತ ಚೆನ್ನಾಗಿ ಪರಿಚಯ ಇರಬಹುದು. ಅದನ್ನು ಬಿಟ್ಟೆ.

ಎರಡನೆಯದರಲ್ಲಿ ಹಳೆಯ ಸ್ಪ್ರಿಂಗಿನ ಮೇಲೆಯೇ ಒಂದು ಬಿಲ್ಲೆ ಕೂರಿಸಿ ಎರಡು ಇಂಚು ಎತ್ತುತ್ತಾರೆ. ಸುಲಭ, ಅರ್ಧ ದಿನದ ಕೆಲಸ. ಆದರೆ ಹಳೆಯ ಶಾಕ್ ಅಬ್ಸಾರ್ಬರ್‌ಗೆ ಕೈಕಾಲು ಚಾಚಲು ಜಾಗವಿರುವುದಿಲ್ಲ, ಪ್ರತಿ ಗುಂಡಿಯ ಏಟೂ ನೇರ ಬೆನ್ನಿಗೆ. ಮೂರನೆಯದು ನಾಲ್ಕು ಇಂಚಿನದು, ಉದ್ದದ ಸ್ಪ್ರಿಂಗು, ಉದ್ದದ ಶಾಕು, ಚಕ್ರವನ್ನು ಹಿಡಿದಿಡುವ ಹೊಸ ತೋಳುಗಳು. ನಿಜ ಹೇಳುತ್ತೇನೆ, ನನಗೆ ಅದರ ಮೇಲೆ ಆಸೆಯಾಯಿತು. ಅದನ್ನು ಹಾಕಿದ ಗಾಡಿಯೊಂದು ಅಂಗಳದಲ್ಲಿ ನಿಂತಿತ್ತು, ಒಂದು ಬಂಡೆಯಲ್ಲ ಹತ್ತು ಬಂಡೆಗಳಿಗೆ ಸವಾಲು ಹಾಕುವ ಹಾಗೆ. ಅಕ್ಕನನ್ನು ಅದರ ಪಕ್ಕಕ್ಕೆ ಕರೆದುಕೊಂಡು ಹೋದೆ. ಅವಳು ಒಂದು ಕಾಲೆತ್ತಿದಳು, ಅದು ಅರ್ಧಕ್ಕೇ ನಿಂತಿತು.

"ಗಾಡಿಗೆ ಈ ಕಿಟ್ ಹಾಕ್ಸು" ಎಂದಳು, "ನನಗೊಂದು ಬೇರೆ ಹಾಕ್ಸು."

ಮೇಸ್ತ್ರಿ ನಗಲಿಲ್ಲ. ಮರದ ಹಲಗೆಗಳನ್ನು ಒಂದರ ಮೇಲೊಂದು ಜೋಡಿಸುತ್ತಾ, ಒಂದೊಂದಕ್ಕೂ ಅಕ್ಕನಿಂದ ಕಾಲಿಡಿಸಿ ಅಳೆದರು. ಹತ್ತೊಂಬತ್ತು ಇಂಚಿಗೆ ಅವಳು ಅವರ ಹೆಗಲು ಹಿಡಿದುಕೊಂಡು, "ಸಾಕು ಮೇಸ್ತ್ರಿ, ಇನ್ನೊಂದ್ ಹಲಗೆ ಇಟ್ರೆ ನಿಮ್ಮ ತಲೆ ಮೇಲೇ ಕಾಲಿಡ್ತೀನಿ" ಎಂದಳು. ನನ್ನ ಗಾಡಿಯ ಮೆಟ್ಟಿಲು ನೆಲದಿಂದ ಹದಿನೇಳು ಇಂಚು. ಅಲ್ಲಿಗೆ ತೀರ್ಮಾನವಾಯಿತು. ಒಂದೂಕಾಲಿಗಿಂತ ಕಡಿಮೆ ಎತ್ತಿದರೆ ಬಂಡೆ ಬಿಡುವುದಿಲ್ಲ, ಎರಡಕ್ಕಿಂತ ಹೆಚ್ಚು ಎತ್ತಿದರೆ ಅಕ್ಕ ಹತ್ತಲಾರಳು.

ನಾಲ್ಕನೆಯ ಕಿಟ್ ಆ ಎರಡು ಇಂಚಿನದು, ಹೊಸ ಸ್ಪ್ರಿಂಗ್ ಮತ್ತು ಹೊಸ ಶಾಕ್‌ಗಳ ಜೊತೆಗೆ. ಅದರಲ್ಲೂ ಗಡುಸು, ಮೆದು ಎಂದು ಎರಡು ತರದ ಸ್ಪ್ರಿಂಗ್. "ಗಡುಸು ಹಾಕಿದ್ರೆ ಆರು ಮೋಟಾರು ಹೇರಬಹುದು, ಮೆದು ಹಾಕಿದ್ರೆ ಮೂರೇ. ಅದಕ್ಕಿಂತ ಹೆಚ್ಚು ಹೇರಿದ್ರೆ ಕುಸಿದು ಮತ್ತೆ ಬಂಡೆಗೇ ಬರ್ತೀರಿ. ನೀವೇ ಯೋಚ್ನೆ ಮಾಡಿ" ಎಂದರು ಮೇಸ್ತ್ರಿ. ಡಯಾಲಿಸಿಸ್ ಮುಗಿಸಿ ಬರುವಾಗ ಅಕ್ಕ ಹಿಂಡಿದ ಬಟ್ಟೆಯ ಹಾಗಿರುತ್ತಾಳೆ, ಗಾಡಿ ಕುಲುಕಿದರೆ ವಾಂತಿ. ಮೆದು ಹಾಕಿ ಎಂದೆ. ಅಂದಿನಿಂದ ಒಂದು ಸಲಕ್ಕೆ ಮೂರೇ ಮೋಟಾರು ಹೊರುತ್ತೇನೆ, ಎರಡೆರಡು ಸಲ ಓಡಾಡುತ್ತೇನೆ.

ಮೊದಲ ಸೋಮವಾರ ಬಂಡೆಯ ಹತ್ತಿರ ಬಂದಾಗ ಅಕ್ಕ ಅಭ್ಯಾಸಬಲದಿಂದ ಕಿವಿ ಮುಚ್ಚಿಕೊಂಡಳು. ಗಾಡಿ ಸದ್ದಿಲ್ಲದೆ ದಾಟಿತು. ಅವಳು ಕೈ ತೆಗೆದು ಹಿಂತಿರುಗಿ ನೋಡಿ, "ಎಲ್ಲೇ ಹೋಯ್ತು ಬಂಡೆ?" ಎಂದಳು. ಆಸ್ಪತ್ರೆ ತಲುಪುವವರೆಗೂ ಇಬ್ಬರೂ ಹುಚ್ಚರ ಹಾಗೆ ನಕ್ಕೆವು. ಆ ಮೂರು ವರ್ಷಗಳಲ್ಲಿ ನಾನು ಅಷ್ಟು ನಕ್ಕಿದ್ದು ಅದೇ ಮೊದಲು.

ಇಷ್ಟಕ್ಕೆ ಸುಮ್ಮನಿದ್ದಿದ್ದರೆ ಈ ಪತ್ರವೇ ಇರುತ್ತಿರಲಿಲ್ಲ. ಆದರೆ ಗಾಡಿಯಲ್ಲಿ ಏನೇ ಬದಲಾಯಿಸಿದರೂ ಹದಿನೈದು ದಿನದೊಳಗೆ ತಮಗೆ ವರದಿ ಮಾಡಬೇಕೆಂಬ ನಿಯಮವಿದೆ, ನಾನು ನಿಯಮ ಪಾಲಿಸುವವಳು. ಯಾರೂ ಹಿಡಿಯದಿದ್ದರೂ ನಾನಾಗಿಯೇ ಬಂದು ತಮ್ಮ ಮೂರನೇ ಕಿಟಕಿಯಲ್ಲಿ ಅರ್ಜಿ ತುಂಬಿದೆ. 'ಅಳವಡಿಸಿದ ಸಾಧನ' ಎಂಬಲ್ಲಿ, ಡಬ್ಬದ ಮೇಲಿದ್ದಂತೆ, 'ಲಿಫ್ಟ್ ಕಿಟ್' ಎಂದು ಬರೆದೆ. ನನ್ನ ತಪ್ಪು ಏನಾದರೂ ಇದ್ದರೆ ಅದೊಂದೇ. ಕಿಟಕಿಯ ಗುಮಾಸ್ತರು ಅದನ್ನು ಎರಡು ಸಲ ಓದಿ, ಗಾಡಿಯ ಕೀಲಿ ಇಸಿದುಕೊಂಡು, "ಲಿಫ್ಟ್ ಇದ್ರೆ ಲಿಫ್ಟ್ ಸರ್ಟಿಫಿಕೇಟ್ ಬೇಕಲ್ಲಮ್ಮ" ಎಂದರು. ನಾಲ್ಕು ದಿನಕ್ಕೆ ತಮ್ಮ ಸಹಿಯ ನೋಟೀಸು ಬಂತು: ಲಿಫ್ಟ್ ಎಷ್ಟು ಮಹಡಿಗಳಿಗೆ ಸೇವೆ ಒದಗಿಸುತ್ತದೆ? ಒಮ್ಮೆಗೆ ಎಷ್ಟು ಜನರನ್ನು ಒಯ್ಯುತ್ತದೆ? ಕರೆಂಟು ಹೋದರೆ ಬಾಗಿಲು ತೆರೆಯುವ ವ್ಯವಸ್ಥೆ ಏನು? ಇದನ್ನು ಬರೆಯುವಾಗ ತಮಗೆ ಒಂದು ಕ್ಷಣವಾದರೂ, ಎರಡು ಸೀಟಿನ ಗಾಡಿಗೆ ಮಹಡಿ ಎಲ್ಲಿಂದ ಬಂತು ಎಂಬ ಅನುಮಾನ ಸುಳಿಯಲಿಲ್ಲವೇ? ಕಿಟಕಿಯಿಂದ ಕತ್ತು ಹೊರಗೆ ಹಾಕಿದ್ದರೆ ಗಾಡಿ ಕೆಳಗೇ ನಿಂತಿತ್ತು, ನೋಡಬಹುದಿತ್ತು.

ಇಂಗ್ಲಿಷ್ ಪದದಿಂದ ಗೊಂದಲವಾಯಿತೇನೋ ಎಂದು ಎರಡನೇ ಅರ್ಜಿಯನ್ನು ಅಚ್ಚ ಕನ್ನಡದಲ್ಲಿ ಬರೆದೆ: 'ನಾನು ಗಾಡಿಯನ್ನು ಎರಡು ಇಂಚು ಎತ್ತಿದ್ದೇನೆ.' ಗುಮಾಸ್ತರು ಇಂಚಿನವರೆಗೆ ಓದಲೇ ಇಲ್ಲ. "ಎತ್ತಿದ್ದೀರಾ? ಯಾರ ಗಾಡಿ ಎತ್ತಿದ್ರಿ?" ಎಂದು ದನಿ ತಗ್ಗಿಸಿ ಕೇಳಿದರು. "ನನ್ನದೇ" ಎಂದೆ. "ನಿಮ್ಮದನ್ನೇ ನೀವ್ಯಾಕೆ ಎತ್ತುತ್ತೀರಿ?" ಆ ಅರ್ಜಿ ಮಾಲೀಕತ್ವದ ಪರಿಶೀಲನೆಗೆ ಹೋಯಿತು, ಗಾಡಿ ನನ್ನಿಂದ ಕಳುವಾಗಿಲ್ಲ ಎಂದು ನಾನೇ ಬರೆದುಕೊಡಬೇಕಾಯಿತು.

ಈ ನಡುವೆ ಕಟ್ಟಡಗಳ ಲಿಫ್ಟ್ ತಪಾಸಣೆ ಮಾಡುವವರೊಬ್ಬರು ಬಂದರು. ಪಾಪ, ತುಂಬಾ ಒಳ್ಳೆಯವರು. ಹೆಲ್ಮೆಟ್ ಹಾಕಿಕೊಂಡು, ಟಾರ್ಚ್ ಹಿಡಿದು, ತಮ್ಮ ಅಂಗಳದಲ್ಲಿ ಗಾಡಿಯನ್ನು ಮೂರು ಸುತ್ತು ಬಂದರು. ಕೊನೆಗೆ ಅಡಿಯಲ್ಲಿ ನುಸುಳಿ ಮಲಗಿ, "ಇದು ಸ್ಪ್ರಿಂಗ್ ಅಲ್ವೇನಮ್ಮ?" ಎಂದರು. "ಹೌದು ಸರ್." "ಮತ್ತೆ ನನ್ನನ್ನ ಯಾಕೆ ಕರೆಸಿದ್ರು?" "ಅದನ್ನೇ ನಾನೂ ಕೇಳ್ತಾ ಇದ್ದೀನಿ." ಅವರು ಅಲ್ಲೇ ಬಾನೆಟ್ ಮೇಲೆ ಕಾಗದ ಇಟ್ಟು, 'ಸದರಿ ವಾಹನದಲ್ಲಿ ಲಿಫ್ಟ್ ಕಂಡುಬಂದಿಲ್ಲ' ಎಂದು ಬರೆದು ಸಹಿ ಹಾಕಿದರು. ಸದ್ಯ ಪೀಡೆ ತೊಲಗಿತು ಎಂದು ಅದರ ಜೊತೆಗೆ ಬಿಡುಗಡೆಯ ಮನವಿಯನ್ನೂ ಇಟ್ಟು ತಲುಪಿಸಿದೆ. ತಮ್ಮ ಮೂರನೇ ಪತ್ರ ಬಂತು: ಅರ್ಜಿಯಲ್ಲಿ ತೋರಿಸಿದ ಲಿಫ್ಟನ್ನು ಅನುಮತಿಯಿಲ್ಲದೆ ಏಕೆ ತೆಗೆದಿರಿ? ಕೂಡಲೇ ಮೊದಲಿದ್ದಂತೆ ಜೋಡಿಸಿ ತಪಾಸಣೆಗೆ ಹಾಜರುಪಡಿಸಿ. ಲಿಫ್ಟ್ ಸಂಬಂಧ ಈ ಕಚೇರಿಯ ತೀರ್ಮಾನವೇ ಅಂತಿಮ.

ಮಾನ್ಯರೇ, ನನಗೆ ನಗು ಬರುತ್ತದೆ. ಆದರೆ ಈ ಇಪ್ಪತ್ತಮೂರು ದಿನ ಅಕ್ಕ ಆಸ್ಪತ್ರೆಗೆ ಹೇಗೆ ಹೋಗುತ್ತಿದ್ದಾಳೆ ಎಂದು ತಾವು ಕೇಳಲಿಲ್ಲ, ನಾನೇ ಹೇಳುತ್ತೇನೆ. ಪೇಟೆಯಿಂದ ಬೇಕರಿ ವ್ಯಾನಿನವರು ಬಂಡೆಯವರೆಗೆ ಬರುತ್ತಾರೆ, ಅವರ ವ್ಯಾನು ಅದನ್ನು ದಾಟುವುದಿಲ್ಲ. ಅಲ್ಲಿಯವರೆಗಿನ ಒಂದೂವರೆ ಕಿಲೋಮೀಟರು ಅಕ್ಕನನ್ನು ಮೋಟಾರು ಸಾಗಿಸುವ ಕೈಗಾಡಿಯಲ್ಲಿ ಕೂರಿಸಿ ತಳ್ಳುತ್ತೇನೆ. ಕೂರುವಲ್ಲಿ ದಿಂಬು ಹಾಕಿದ್ದೇನೆ, ಆದರೂ ಅದು ಗಾಡಿಯಲ್ಲ, ಎರಡು ಚಕ್ರದ ಹಲಗೆ. ಮೊದಮೊದಲು ಅವಳು, "ಡ್ರೈವರ್, ಸ್ವಲ್ಪ ನೋಡ್ಕೊಂಡು ಓಡ್ಸು" ಎಂದೆಲ್ಲ ರೇಗಿಸುತ್ತಿದ್ದಳು. ಈಗ ಕಣ್ಣು ಮುಚ್ಚಿ ಕೂರುತ್ತಾಳೆ. ಒಂದು ಬುಧವಾರ ತಲುಪುವುದು ತಡವಾಗಿ, ನಾಲ್ಕು ಗಂಟೆ ಹಿಡಿಯುವ ಡಯಾಲಿಸಿಸ್ ಎರಡೂವರೆ ಗಂಟೆಯಷ್ಟೇ ನಡೆಯಿತು. ಅಂದಿನಿಂದ ಅವಳ ಕಾಲು ಊದಿಕೊಂಡಿದೆ. ನನಗೆ ಭಯವಾಗಿದೆ. ಜಂಭ ಬಿಟ್ಟು ಹೇಳುತ್ತಿದ್ದೇನೆ, ತುಂಬಾ ಭಯವಾಗಿದೆ.

ನಾನು ಕೇಳುವುದು ದೊಡ್ಡದೇನಲ್ಲ. ಒಬ್ಬರು ಅಳತೆ ಪಟ್ಟಿ ಹಿಡಿದು ಅಂಗಳಕ್ಕಿಳಿಯಲಿ. 'ವಾಹನದ ಎತ್ತರ ಎರಡು ಇಂಚು ಹೆಚ್ಚಿದೆ' ಎಂದು ದಾಖಲೆಯಲ್ಲಿ ಬರೆಯಲಿ, ಸೋಮವಾರದೊಳಗೆ ಕೀಲಿ ಕೊಡಲಿ. ಅದಾಗುವುದಿಲ್ಲ ಎಂದಾದರೆ ಸೋಮವಾರ ಬೆಳಿಗ್ಗೆ ಆರೂವರೆಗೆ ತಾವೇ ಬಂಡೆಯ ಹತ್ತಿರ ಬನ್ನಿ. ಕೈಗಾಡಿ ಬಂಡೆ ಹತ್ತುವುದಿಲ್ಲ, ಅಕ್ಕನನ್ನು ಅದರಿಂದ ಇಳಿಸಿ, ಎತ್ತಿಕೊಂಡು ಆಚೆ ದಾಟಿಸಬೇಕು. ಇಷ್ಟು ದಿನ ನಾನೊಬ್ಬಳೇ ಎತ್ತುತ್ತಿದ್ದೆ, ಕಳೆದ ಶುಕ್ರವಾರ ನನ್ನ ಕೈ ಜಾರಿತು. ಲಿಫ್ಟಿನ ಅಧಿಕಾರವೆಲ್ಲ ತಮ್ಮದೇ ತಾನೇ? ಬನ್ನಿ, ಒಂದು ಕಡೆ ಹಿಡಿದು ಎತ್ತಿ.

ಇಂತಿ,
ತಮ್ಮ ದಾಖಲೆಯ ಪ್ರಕಾರ ಲಿಫ್ಟ್ ಕಿತ್ತುಹಾಕಿದವಳು, ತನ್ನ ಗಾಡಿಯನ್ನು ತಾನೇ ಎತ್ತಿದವಳು,
ಗುಡ್ಡದ ಮೇಲಿನ ಪಂಪು ರಿಪೇರಿಯವಳು