ಒಂದು ಮನೆಗೆ ಒಂದೇ ಕೆಲಸ

ಕಾರ್ಸ್‌ಬಿ, ನೆಬ್ರಾಸ್ಕಾ
9 ಮೇ 1981

ಪ್ರೀತಿಯ ಎಮಿಲ್,

ಚೆನ್ನಾಗಿದ್ದೀಯಾ? ನಿನ್ನ ಕ್ರಿಸ್‌ಮಸ್ ಕಾಗದಕ್ಕೆ ಮೇ ತಿಂಗಳಲ್ಲಿ ಉತ್ತರ ಬರೆಯುತ್ತಿದ್ದೇನೆ. ಅಣ್ಣ ಸೋಮಾರಿ ಎಂದು ಬೈದುಕೋ, ಸತ್ತನೆಂದು ಮಾತ್ರ ತಿಳಿಯಬೇಡ. ಬರೆಯಲು ಕೂತರೆ ಎದ್ದು ಕಿಟಕಿಗೆ ಹೋಗುತ್ತೇನೆ, ಕಿಟಕಿಯಿಂದ ಮತ್ತೆ ಕುರ್ಚಿಗೆ. ಕಿಟಕಿಯಲ್ಲಿ ಕಾಣುವುದು ನಾವು ಕಟ್ಟಿದ ನೀರಿನ ಟ್ಯಾಂಕಿಯೇ. ಅದರ ನೀರು ಇಳಿಸಿ ಎರಡು ವರ್ಷವಾಯಿತು. ಇಳಿದದ್ದೆಲ್ಲ ನನ್ನ ಮಂಡಿಗೆ ಬಂದು ತುಂಬಿಕೊಂಡಿದೆ.

ಅದನ್ನು ಕೆಡವುವುದಿಲ್ಲವಂತೆ. ಐತಿಹಾಸಿಕವಂತೆ! ಹಾಗಿದ್ದರೆ ಅದಕ್ಕೆ ಕಾಂಕ್ರೀಟ್ ಹೊತ್ತ ನನ್ನ ಬೆನ್ನನ್ನೂ ಮ್ಯೂಸಿಯಮ್ಮಿಗೆ ಸೇರಿಸಬಹುದು. ಕಟ್ಟಿದವರ ಹೆಸರಿನ ಹಿತ್ತಾಳೆ ಫಲಕ ಹಾಕುತ್ತಾರೆ. ಪುರಸಭೆಯ ಡಾರ್ಲಾ ನಿನ್ನೆ 1936ರ ಹಾಜರಿ ಪಟ್ಟಿ ಹಿಡಿದು ಬಂದಳು.

"ಆರ್ವಿಡ್ ತಾತ, ಈ ಎಮಿಲ್ ಹಾಸ್ ಯಾರು? ಊರಲ್ಲಿ ಹಾಸ್ ಅನ್ನೋ ಮನೇನೇ ಇರ್ಲಿಲ್ವಂತೆ."

"ಎಲ್ಲಿಂದಲೋ ಬಂದಿದ್ದ, ಎಲ್ಲಿಗೋ ಹೋದ."

"ಹಾಗಾದ್ರೆ ಹೆಸರು ಬಿಟ್ಬಿಡ್ಲಾ?"

ಟ್ಯಾಂಕಿಯಲ್ಲಿ ಹನಿಯಿಲ್ಲ, ನನಗೆ ಮಾತ್ರ ನೀರಿಳಿಯಿತು.

ಆ ಬರಗಾಲದಲ್ಲಿ ಸರ್ಕಾರ ನಡೆಸಿದ ಪರಿಹಾರ ಕಾಮಗಾರಿಯಲ್ಲಿ ಒಂದು ಮನೆಗೆ ಒಂದೇ ಕೆಲಸ. ಅಪ್ಪನಿಲ್ಲದ ನಮ್ಮ ಮನೆಗೆ ಒಂದು ಕೂಲಿ ಸಾಲದು. ಅಡ್ಡದಾರಿಗೊಂದು ಅಡ್ಡಹೆಸರು ಬೇಕೆಂದು ನಿನಗೆ ಹಾಸ್ ಎಂದು ಅಂಟಿಸಿದವನು ನಾನೇ. ಊರಿಗೆಲ್ಲ ಗೊತ್ತು, ಹೊರಗಿನಿಂದ ಬರುವ ಇನ್‌ಸ್ಪೆಕ್ಟರಿಗೆ ಮಾತ್ರ ಗೊತ್ತಿಲ್ಲ.

"ಇಬ್ಬರ ಮೂಗೂ ಒಂದೇ ಥರ ಇದೆಯಲ್ರೋ?" ಎಂದು ಅವನು ಕೇಳಿದಾಗ ನೀನು, "ಈ ಧೂಳಿಗೆ ಊರಲ್ಲಿ ಎಲ್ರ ಮೂಗೂ ಹೀಗೇ ಊದಿದೆ ಸಾರ್" ಎಂದಿದ್ದೆ. ಆಗ ಹಾಸ್ ನಮಗೆ ಹಾಸ್ಯವಾಗಿತ್ತು. ಆಮೇಲೆ ನೀನು ಕ್ಯಾಲಿಫೋರ್ನಿಯಾಕ್ಕೆ ಹೋದೆ, ಹೆಸರನ್ನೂ ಒಯ್ದೆ. ಈಗಲೂ ಲಕೋಟೆಯ ಮೇಲೆ ಅದನ್ನು ಬರೆಯುವಾಗ ಪೆನ್ನು ನಿಲ್ಲುತ್ತದೆ. ಕಾಗದ ತಡವಾಗುವುದು ಅಲ್ಲೇ.

ಡಾರ್ಲಾ ಗೇಟು ದಾಟುವಷ್ಟರಲ್ಲಿ ಮಂಡಿ ಎಳೆದುಕೊಂಡು ಓಡಿದೆ. "ಬಿಡ್ಬೇಡ ಕಣೇ. ಎಮಿಲ್ ನೀಲ್ಸನ್ ಅಂತ ಬರಿ. ನನ್ನ ತಮ್ಮ."

"ಒಂದು ಮನೆಗೆ ಒಂದೇ ಅಲ್ವಾ ತಾತ?" ಎಂದು ನಕ್ಕಳು, ಬರೆದುಕೊಂಡಳು. ನಿನಗೆ ಬೇಡವಾದರೆ ತಿಳಿಸು, ಅಳಿಸುತ್ತಾರೆ. ಜೂನ್ 14, ಭಾನುವಾರ, ಫಲಕದ ಪರದೆ ಸರಿಸುವುದು. ಬಾ.

ನಿನ್ನ ಮೊಮ್ಮಕ್ಕಳು ಸುಖವಾಗಿರಲಿ, ದೇವರು ಅವರಿಗೆ ನನ್ನ ಮಂಡಿ ಕೊಡದಿರಲಿ.

ನಿನ್ನ ಅಣ್ಣ,
ಆರ್ವಿಡ್

ಮರೆತ ಮಾತು: ಮರೆತದ್ದಲ್ಲ, ನಲವತ್ತೈದು ವರ್ಷ ನುಂಗಿಕೊಂಡದ್ದು. ಅಮ್ಮನನ್ನು ಮಣ್ಣು ಮಾಡಿದ ದಿನ ಇನ್‌ಸ್ಪೆಕ್ಟರ್ ಚರ್ಚಿಗೆ ಬಂದು ಕೂತಿದ್ದ. ಪೆಟ್ಟಿಗೆಗೆ ಹೆಗಲು ಕೊಡಲು ಎದ್ದ ನಿನ್ನನ್ನು ನಾನು ಕಣ್ಣಲ್ಲೇ ಕೂರಿಸಿದೆ. ನೀನು ಕೂಲಿಗಳ ಸಾಲಿನಲ್ಲಿ ಟೊಪ್ಪಿ ಹಿಂಡುತ್ತ ಕೂತೆ. ಎಲ್ಲ ಮುಗಿದ ಮೇಲೆ ಬಂದು ನನ್ನ ಕೈ ಕುಲುಕಿ, "ನಿಮ್ಮ ತಾಯಿ ತುಂಬ ಒಳ್ಳೆಯವರು, ನೀಲ್ಸನ್ ಅವರೇ" ಎಂದೆ. ಅದಕ್ಕೆ ನಾನು ಉತ್ತರ ಕೊಟ್ಟಿರಲಿಲ್ಲ.

ನಮ್ಮ ತಾಯಿ ಕಣೋ.