ಆ ರಾತ್ರಿಯ ಬಡಿತ

ಅಗಸೂರು
ಸೋಮವಾರ, ೧೨ ಫೆಬ್ರವರಿ ೨೦೨೪
ಸಂಜೆ ಆರು ಗಂಟೆ

ನಮ್ಮನೆಯವರಿಗೆ ದೇವಕಿಯ ನಮಸ್ಕಾರ.

ಹೇಗಿದ್ದೀರಿ ಎಂದು ಬರೆಯಲು ಇನ್ನೂ ಕೈ ಹೋಗುತ್ತದೆ. ನೀವು ತೀರಿಕೊಂಡು, ನಿಮ್ಮ ಕಾರ್ಯ ಮುಗಿದ ಮೇಲೂ ಈ ವಹಿಯಲ್ಲಿ ನಿಮಗೇ ಬರೆಯುತ್ತಿದ್ದೇನೆ. ಶೇಂಗಾ ಗದ್ದೆಗೆ ಮಗ ಪ್ರದೀಪನೇ ನೀರು ಬಿಡುತ್ತಾನೆ. ನಿಮ್ಮ ಹಾಗೆ ಬದುವಿನ ಮೇಲೆ ಕೂತು ಬೀಡಿ ಸೇದುವುದೊಂದನ್ನು ಕಲಿತಿಲ್ಲ.

ಇವತ್ತು ಇಬ್ಬರೂ ಕಾರವಾರಕ್ಕೆ ಹೋಗಿ, ನೀವು ಎದೆಗೆ ಕಟ್ಟಿಕೊಂಡಿದ್ದ ಮಿಷನ್ನಿನ ವರದಿ ತಂದೆವು. ತಲೆ ತಿರುಗುತ್ತದೆಂದು ಒಂದು ಹಗಲು ಒಂದು ರಾತ್ರಿಯ ಬಡಿತ ಬರೆದುಕೊಳ್ಳಲು ಕಟ್ಟಿದ್ದು. ವರದಿ ಬರುವ ಮೊದಲೇ ನೀವು ಗದ್ದೆಯಲ್ಲಿ ಕುಸಿದಿರಿ. ಆಮೇಲೆ ಅದು ಯಾರಿಗೂ ನೆನಪಾಗಲಿಲ್ಲ. ಹಗಲಿನದು ಓದಲು ಬರುವುದಿಲ್ಲ, ಬೆವರಿಗೆ ವಾಯರು ಸಡಿಲವಾಗಿ, ಗುದ್ದಲಿ ಎತ್ತಿ ಹಾಕಿದ ಅಲುಗಾಟಕ್ಕೆ ಬರೀ ಗೀಚು ಬಂದಿದೆ ಎಂದರು ಡಾಕ್ಟರು. ರಾತ್ರಿಯದು ಸ್ವಚ್ಛವಾಗಿದೆಯಂತೆ. ಅದರಲ್ಲಿ ಹೃದಯ ನಡುನಡುವೆ ನಿಂತು ನಿಂತು ಬಡಿದಿದೆಯಂತೆ. ಬೇಗ ತಿಳಿದಿದ್ದರೆ ಪೇಸ್‌ಮೇಕರ್ ಹಾಕಿ ಉಳಿಸಬಹುದಿತ್ತಂತೆ.

ಬಸ್ಸಿನಲ್ಲಿ ಪ್ರದೀಪ ಕೇಳಿದ: “ಆಯೀ, ಮಗ್ಗಲಲ್ಲೇ ಮಲಗೂದು ನೀನು. ಅಪ್ಪಂಗೆ ಹಿಂಗಾಗೂದು ನಿಂಗೆ ಗೊತ್ತಾಗ್ಲಿಲ್ವ?”

ಮಿಷನ್ ಕಟ್ಟಿದ ದಿನ ಸಂಜೆ ನೀವು ಬೇಲೆಕೇರಿಯಲ್ಲಿ ತೀರಿಹೋದ ಜಟ್ಟಿಭಾವನ ಮಣ್ಣಿಗೆ ಹೋಗಿ ಬಂದಿರಿ. ಮೀಯದೆ ಒಳಗೆ ಬರುವಂತಿಲ್ಲ. ಮಿಷನ್ನಿಗೆ ನೀರು ತಾಗುವಂತಿಲ್ಲ. ಮಿಷನ್ನು, ವಾಯರು ಎಲ್ಲ ಬಿಚ್ಚಿ ಮೆಟ್ಟಿಲ ಮೇಲಿಟ್ಟು, “ಮಿಷನ್ ನಿಂತ್ರೆ ಮತ್ತೆ ಕಾರವಾರಕ್ಕೆ ಅಲೆಯೂದು ಯಾರು? ಅಷ್ಟೊತ್ತು ನೀನೇ ಕಟ್ಕ. ನಿನ್ನೆದೆ ಏನು ಬೇರೆ ಊರಿಂದನೆ?” ಎಂದು ನಕ್ಕಿರಿ. ಅದಕ್ಕೆ ನೀರು ಚಿಮುಕಿಸಿ ಶುದ್ಧ ಮಾಡುವಂತೆಯೂ ಇರಲಿಲ್ಲ. ಹಾಗೇ ಕರಿಮಣಿ ಸರಿಸಿ ಅಂಟಿಸಿಕೊಂಡೆ. ಮಿಂದು, ಗಂಜಿ ಉಂಡು, ನೀವು ಜಗಲಿಯಲ್ಲೇ ನಿದ್ದೆ ಹೋದಿರಿ. ಅಷ್ಟು ದಣಿದವರನ್ನು ಏಳಿಸಲು ಮನಸ್ಸಾಗಲಿಲ್ಲ. ಬೆಳಗಾದ ಮೇಲೆ ನೀವೇ ಮತ್ತೆ ಕಟ್ಟಿಕೊಂಡು, ಮಿಷನ್ ವಾಪಸು ಕೊಡಲು ಕಾರವಾರಕ್ಕೆ ಹೋದಿರಿ.

ಗೀಚಿನ ಹಾಳೆ ಯಾಕೆಂದು ಪ್ರದೀಪ ಎಸೆಯಲು ಹೊರಟಿದ್ದ. ಕೈಯಿಂದ ಕಿತ್ತುಕೊಂಡೆ. ಅದನ್ನು ನಿಮ್ಮ ಫೋಟೋದ ಹಿಂದೆ ಇಟ್ಟಿದ್ದೇನೆ.

ನೀವಿರುವಲ್ಲಿ ನಿಮಗೆ ತಲೆ ತಿರುಗದಿರಲಿ.

ನಿಮ್ಮ
ದೇವಕಿ

ಮತ್ತೆ: ಆ ರಾತ್ರಿಯ ಬಡಿತ ನನ್ನದು. ನಿಮ್ಮ ಎದೆಗೆ ಏನಾಗಿತ್ತೆಂದು ಇನ್ನು ಯಾರಿಗೂ ತಿಳಿಯುವುದಿಲ್ಲ. ಪ್ರದೀಪನಿಗೆ ಈಗಷ್ಟೇ ಹೇಳಿದೆ. ಹೋಗಿ ಬಾವಿಕಟ್ಟೆಯ ಬಳಿ ನಿಂತಿದ್ದಾನೆ. ನಾಳೆ ಬೆಳಗಿನ ಮೊದಲ ಬಸ್ಸಿಗೆ ನಾವಿಬ್ಬರೂ ಕಾರವಾರಕ್ಕೆ ಹೋಗುತ್ತಿದ್ದೇವೆ.