ನೀನು ಕಳಿಸಿದ ಕೆಂಪು ಕಮಾನು

ದೇವರಾಜ ಅರಸು ಬಡಾವಣೆ, ದಾವಣಗೆರೆ
ಡಿಸೆಂಬರ್ 8, 2024

ಪ್ರೀತಿಯ ಪೂಜಾಗೆ ಅವ್ವನ ಆಶೀರ್ವಾದ.

ಫೋನ್ ಇರುವಾಗ ಕಾಗದ ಯಾಕೆ ಅಂತ ನಗಬ್ಯಾಡ. ಫೋನಿನಾಗೆ ಹೇಳಿದ್ರೆ ನಡುವೆ ಬಾಯಿ ಹಾಕ್ತಿ, ಆಮೇಲೆ ಅಳ್ತಿ. ಪೂರ್ತಿ ಓದು, ಆಮೇಲೆ ಬೈಯಿ.

ನನ್ನ ಕಣ್ಣಿಗೆ ಪೊರೆ ಬಂದಿತ್ತು. ಎಡಗಣ್ಣು ಚಿಕ್ಕಂದಿನಿಂದ ಮಂಜು, ನಿನಗೆ ಗೊತ್ತೇ ಐತೆ. ಈಗ ಬಲಗಣ್ಣೂ ಕೈಕೊಟ್ಟಿತು. ಪಕ್ಕದ ಮನೆ ಮರುಳಸಿದ್ದಮ್ಮನ ಕೆಂಪು ಬ್ಲೌಸಿಗೆ ಕಂದು ದಾರ ಹಾಕಿ ಹೊಲಿದು ಕೊಟ್ಟೆ. ಪಾಪ, ಆಕೆ ನಗುತ್ತಲೇ ಇಸ್ಕೊಂಡು, ಮುಂದಿನದನ್ನು ಬೇರೆ ಕಡೆ ಕೊಟ್ಟಳು. ಹೊಲಿಗೆ ನಿಂತರೆ ನಾನು ಏನು ಮಾಡಲಿ? ಬಾಳ ಹೆದರಿಕೆಯಾಗಿತ್ತು ಕಣೇ.

ನಿನಗೆ ಹೇಳಿದ್ದರೆ ಅಹಮದಾಬಾದಿನಿಂದ ಮೊದಲ ರೈಲು ಹತ್ತುತ್ತಿದ್ದಿ. ಸೂರ್ಯ ಇಷ್ಟು ರೇಗೋದು ಹನ್ನೊಂದು ವರ್ಷಕ್ಕೊಮ್ಮೆ, ನಿನ್ನ ಆಫೀಸಿನ ಉಪಗ್ರಹ ಈಗ ತೆಗೆಯೋ ಚಿತ್ರ ತಪ್ಪಿದರೆ ಮತ್ತೆ ಸಿಗಲ್ಲ ಅಂತ ನೀನೇ ಹೇಳಿದ್ದಿ. ಸೂರ್ಯ ರೇಗಿದಾಗ ಭೂಮಿ ಸುತ್ತ ಸೇರಿದ ಬಿಸಿ ಮೇಲಿನ ಗಾಳಿಗೆ ಇಳಿದು ಕೆಂಪು ಕಮಾನು ಮೂಡತೈತೆ, ಕೆಳಗೆ ನಿಂತವರ ಕಣ್ಣಿಗೆ ಕಾಣಲ್ಲ, ಉಪಗ್ರಹಕ್ಕೆ ಕಾಣತೈತೆ ಅಂದಿದ್ದಿ. ದೀಪಾವಳಿ ಮುಗಿದ ಮೇಲೆ ಆ ಕಮಾನಿನ ಒಂದು ಚಿತ್ರ ಮೊಬೈಲಿಗೆ ಕಳಿಸಿ, ಕಾಣ್ತಾ ಅವ್ವ ಅಂತ ಫೋನ್ ಮಾಡಿ ಕೇಳಿದಿ. ನನಗೆ ಕಂಡಿದ್ದು ಬರೀ ಕತ್ತಲೆ. ಕಾಣತೈತೆ, ಬಲಗಡೆ ಎಷ್ಟು ಚಂದ ಐತೆ ಅಂತ ಬಾಯಿಗೆ ಬಂದದ್ದು ಅಂದುಬಿಟ್ಟೆ. ನೀನು ಹೌದವ್ವ ಅಂದು ಬೇಗನೆ ಫೋನ್ ಇಟ್ಟಿ.

ಮರುದಿನ ನನ್ನ ಅಣ್ಣನ ಮಗ ಬಕ್ಕೇಶ ಹರಿಹರದಿಂದ ಬಂದ. ತನ್ನ ಮದುವೆಗೂ ಗೊಣಗುತ್ತಲೇ ಅಂಗಡಿ ಬಾಗಿಲು ಹಾಕಿದವನು ಅವನು! ಕಾರು ಖಾಲಿ ಐತೆ, ಕಣ್ಣು ತೋರಿಸ್ಕೊಂಡು ಬರೋಣ ಬರ್ರಿ ಅತ್ತೆ ಅಂದ. ನಾನು ಬ್ಯಾಡ ಅಂದ್ರೆ ಚಪ್ಪಲಿ ತಂದು ಕಾಲ ಮುಂದೆ ಇಟ್ಟ. ಅವನಿಗೆ ಈ ಬುದ್ಧಿ ಯಾವಾಗ ಬಂತೋ, ಶಿವನೇ ಬಲ್ಲ. ಆಪರೇಷನ್ ಆಯಿತು, ಅವನ ಹೆಂಡತಿ ವಾರವೆಲ್ಲ ಇಲ್ಲೇ ಇದ್ದು ಕಣ್ಣಿಗೆ ಹನಿ ಹಾಕಿದಳು.

ಇವತ್ತು ಸೂಜಿಗೆ ನಾನೇ ದಾರ ಪೋಣಿಸಿದೆ. ಮರುಳಸಿದ್ದಮ್ಮನ ಬ್ಲೌಸು ತರಿಸಿ, ಬಿಚ್ಚಿ, ಕೆಂಪು ದಾರದಲ್ಲೇ ಹೊಲಿದೆ. ಖುಷಿಗೆ ಒಬ್ಬಳೇ ಕೂತು ಅತ್ತೆ. ನೀನು ಓಡಿ ಬರಬ್ಯಾಡ, ಕೆಲಸ ಮುಗಿಸಿ ಯುಗಾದಿಗೆ ಬಾ.

ನಿನ್ನ ಅವ್ವ,
ಆಶಾರಾಣಿ

ತಾ.ಕ.: ಇಷ್ಟು ದಿನ ಮೊಬೈಲ್ ನೋಡಬ್ಯಾಡ್ರಿ ಅಂದಿದ್ದರು ಡಾಕ್ಟರು. ಈಗ ಕಾಗದ ಮಡಚೋ ಮುಂಚೆ ನಿನ್ನ ಚಿತ್ರ ತೆಗೆದು ನೋಡಿದೆ. ಕಂಡಿತು ಕಣೇ, ತೆಳ್ಳಗೆ, ಕೆಂಪಗೆ. ಆದರೆ ಅದು ಎಡಗಡೆ ಐತೆ. ಬಲಗಡೆ ಏನೇನೂ ಇಲ್ಲ. ಎಲಾ ಕಳ್ಳಿ, ನನ್ನ ಸುಳ್ಳು ಹಿಡಿದು ಮರುದಿನವೇ ಬಕ್ಕೇಶನ್ನ ಇಲ್ಲಿಗೆ ಕಳಿಸಿದ್ದು ನೀನೇ ಏನೇ?